ತಲೆಯ ಮೇಲಿನ ನೀರು

ರೋಮ್ ನಗರಕ್ಕೆ ಹೋಗಿಬರುವ ನಮ್ಮವರ ಸಂಖ್ಯೆ ಈಚೆಗೆ ಹೆಚ್ಚಾಗಿದೆ. ಮಗನೋ ಮಗಳೋ ಯುರೋಪಿನಲ್ಲಿರುತ್ತಾರೆ. ಇಲ್ಲವೆ ಹನ್ನೆರಡು ದಿನಗಳಲ್ಲಿ ಎಂಟು ದೇಶ ತೋರಿಸುವ ಟೂರ್ ಕಂಪನಿಯವರು ಇಡ್ಲಿ-ಸಾಂಬಾರಿನ ಭರವಸೆ ಕೊಟ್ಟು ಕರೆದೊಯ್ಯುತ್ತಾರೆ. ಹೋದವರು ಕೊಲೋಸಿಯಮ್ ನೋಡುತ್ತಾರೆ, ವ್ಯಾಟಿಕನ್ ನೋಡುತ್ತಾರೆ, ಟ್ರೇವಿ ಕಾರಂಜಿಗೆ ಬೆನ್ನು ಮಾಡಿ ನಿಂತು ನಾಣ್ಯ ಎಸೆಯುತ್ತಾರೆ. ನಾನೂ ಅದನ್ನೆಲ್ಲ ಮಾಡಿದೆ. ಅದನ್ನೇ ಮತ್ತೆ ಬರೆದು ನಿಮ್ಮ ಹೊತ್ತು ಕಳೆಯುವುದಿಲ್ಲ. ನಾನು ಹೇಳಹೊರಟಿರುವುದು ಟೂರಿನ ಬಸ್ಸು ನಿಲ್ಲದ ಒಂದು ಜಾಗದ ಸಂಗತಿ. ನಿಮ್ಮ ಕೈಯಲ್ಲಿ ಅರ್ಧ ದಿನ ಉಳಿದಿದ್ದರೆ, ಕಾಲಲ್ಲಿ ಸ್ವಲ್ಪ ಶಕ್ತಿ ಇದ್ದರೆ, ತಪ್ಪದೆ ಹೋಗಿ.

ಊರ ನಡುವಿನಿಂದ ಮೆಟ್ರೋದ ಎ ಮಾರ್ಗದ ಗಾಡಿ ಹಿಡಿದು ಆಗ್ನೇಯಕ್ಕೆ ಸಾಗಿ ಜೂಲಿಯೊ ಅಗ್ರಿಕೋಲಾ ಎಂಬ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿ ಪ್ರವಾಸಿಗಳು ಕಾಣುವುದಿಲ್ಲ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದ ಏಳೆಂಟು ಮಾಳಿಗೆಯ ಮನೆಗಳು, ತರಕಾರಿ ಅಂಗಡಿ, ಔಷಧದ ಅಂಗಡಿ. ನಮ್ಮ ಮುಲುಂಡ್‌ನಲ್ಲಿ ಇಳಿದ ಹಾಗೆಯೇ ಅನಿಸಿತು. ಅದೇ ಹೆಸರಿನ ರಸ್ತೆಯಲ್ಲಿ ಸುಮಾರು ಹತ್ತು ನಿಮಿಷ ನೇರ ನಡೆದರೆ ಸಾನ್ ಪೊಲಿಕಾರ್ಪೊ ಎಂಬ ಇಗರ್ಜಿ ಸಿಗುತ್ತದೆ. ಆ ಇಗರ್ಜಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ. ಅದರ ಹಿಂದೆಯೇ ಬಯಲು. ಪಾರ್ಕೊ ದೆಲ್ಯಿ ಅಕ್ವೆದೊತ್ತಿ, ಅಂದರೆ ಮೇಲ್ಗಾಲುವೆಗಳ ಉದ್ಯಾನ. ಟಿಕೇಟಿಲ್ಲ, ಕಾವಲುಗಾರನಿಲ್ಲ.

ಬಯಲಿಗೆ ಹೋಗುವ ಮುಂಚೆಯೇ ನನ್ನ ಕಾಲು ಕಟ್ಟಿಹಾಕಿದ್ದು ರಸ್ತೆ ಬದಿಯ ಒಂದು ನಳ. ಎರಕದ ಕಬ್ಬಿಣದ ಗಿಡ್ಡ ಕಂಬ, ಅದಕ್ಕೊಂದು ಬಾಗಿದ ಮೂಗು, ಆ ಮೂಗಿನಿಂದ ಎಡೆಬಿಡದೆ ಸುರಿಯುವ ತಣ್ಣನೆಯ ನೀರು. ರೋಮಿನ ಜನ ಇದನ್ನು 'ನಾಸೋನೆ', ಅಂದರೆ ದೊಡ್ಡ ಮೂಗಿನವ ಎಂದೇ ಕರೆಯುತ್ತಾರೆ. 1874ರಿಂದ ಹಾಕಲು ತೊಡಗಿದ ಇಂಥ ನಳಗಳು ಊರಲ್ಲಿ ಸುಮಾರು 2,500 ಇವೆಯಂತೆ. ನಾನು ನಿಲ್ಲಿಸಲಿಕ್ಕೆ ಗಾಲಿ ಹುಡುಕಿದೆ, ತಿರುಪು ಹುಡುಕಿದೆ, ಕಂಬದ ಹಿಂದೆ ಕೈಹಾಕಿ ನೋಡಿದೆ.

"ಏನು ಹುಡುಕ್ತಾ ಇದ್ದೀ ಅಮ್ಮಾ?" ಎಂದಳು ಮಗಳು.

"ಬಂದ್ ಮಾಡೋದು ಎಲ್ಲಿದೆ?"

"ಇಲ್ಲ. ಅದು ಹಾಗೇ ಹರೀತಿರುತ್ತೆ."

ಓದುಗರೆ, ಇದನ್ನು ಓದುವ ನಿಮ್ಮಲ್ಲಿ ಮುಂಬಯಿಯ ಚಾಳಿನಲ್ಲಿ ಸಂಸಾರ ಮಾಡಿದವರಿದ್ದೀರಿ. ಹದಿನಾಲ್ಕು ಮನೆಗೆ ಒಂದೇ ನಳ, ಬೆಳಗಿನ ನಾಲ್ಕೂವರೆಗೆ ಬಂದು ಆರಕ್ಕೆ ಹೋಗುವ ನೀರು, ಸಾಲಿನಲ್ಲಿ ನಮ್ಮ ಪರವಾಗಿ ನಿಂತಿರುವ ತಗಡಿನ ಡಬ್ಬ - ಇವನ್ನು ಕಂಡವರು. ಹರಿಯುವ ನಳದ ಮುಂದೆ ನಿಂತಾಗ ನನ್ನ ಕೈಗೆ ಆದ ಚಡಪಡಿಕೆ ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ಬಿಲ್ಡಿಂಗಿನ ಫ್ಲ್ಯಾಟಿಗೆ ಬಂದು ಮೂವತ್ತು ವರ್ಷವಾದರೂ ನನ್ನ ಬಚ್ಚಲಲ್ಲಿ ಇಂದಿಗೂ ಎರಡು ತುಂಬಿದ ಡ್ರಮ್ಮುಗಳಿವೆ.

ಇಗರ್ಜಿ ದಾಟಿ ಬಯಲಿಗೆ ಬಂದೆವು. 2023ರ ಅಕ್ಟೋಬರ್ ತಿಂಗಳು, ಬಿಸಿಲು ಹಿತವಾಗಿತ್ತು. ಛತ್ರಿಯಂತೆ ತಲೆ ಬಿಚ್ಚಿದ ಪೈನ್ ಮರಗಳು, ಒಣಹುಲ್ಲು, ನಾಯಿಗಳನ್ನು ಅಡ್ಡಾಡಿಸುವ ಜನ, ಅವರ ಹಿಂದೆ ಸಾಲುಸಾಲು ಕಮಾನುಗಳು. ಇದು ಅಕ್ವಾ ಕ್ಲೌದಿಯಾ. ಕ್ರಿ.ಶ. 38ರಲ್ಲಿ ಕಲಿಗುಲಾ ಎಂಬ ಹುಚ್ಚು ಸ್ವಭಾವದ ಸಾಮ್ರಾಟ ಶುರು ಮಾಡಿದ್ದನ್ನು ಕ್ಲಾಡಿಯಸ್ 52ರಲ್ಲಿ ಮುಗಿಸಿದ. ಕೆಲವು ಕಡೆ ಸುಮಾರು 27 ಮೀಟರ್, ಅಂದರೆ ಒಂಬತ್ತು ಮಾಳಿಗೆಯ ಕಟ್ಟಡದಷ್ಟು ಎತ್ತರ. ಕೆಳಗಿನ ಕಲ್ಲಿನ ಚಪ್ಪಡಿಗಳ ನಡುವೆ ಗಾರೆಯಿಲ್ಲ. ಕಲ್ಲಿನ ಮೇಲೆ ಕಲ್ಲು ತನ್ನ ತೂಕದಿಂದಲೇ ಕೂತಿದೆ. ಕಮಾನು ಮುರಿದುಬಿದ್ದ ತುದಿಯಲ್ಲಿ ಕತ್ತೆತ್ತಿ ನೋಡಿದರೆ ನೀರು ಹೋಗುತ್ತಿದ್ದ ಪೆಟ್ಟಿಗೆಯಂಥ ಕಾಲುವೆ ಕಾಣುತ್ತದೆ. ಒಂದಲ್ಲ, ಒಂದರ ಮೇಲೊಂದು ಎರಡು. ಕೆಳಗಿನದು ಕ್ಲೌದಿಯಾ, ಮೇಲಿನದು ಆನಿಯೊ ನೋವುಸ್. ನಮ್ಮ ಡಬಲ್ ಡೆಕರ್ ಬಸ್ಸಿನ ಹಾಗೆ, ಒಂದೇ ದಾರಿಯಲ್ಲಿ ಎರಡು ನದಿ.

ಪಂಪು ಇಲ್ಲದ ಕಾಲ. ಪೂರ್ವದ ಬೆಟ್ಟಗಳಲ್ಲಿ ಸುಬಿಯಾಕೊ ಎಂಬ ಊರಿನ ಹತ್ತಿರದ ಬುಗ್ಗೆಗಳಿಂದ ಹೊರಟ ನೀರು ಸುಮಾರು 69 ಕಿಲೋಮೀಟರ್ ದಾರಿಯನ್ನು ಬರೀ ಇಳಿಜಾರಿನ ಬಲದಿಂದ ಬರಬೇಕು. ಇಳಿಜಾರು ಜಾಸ್ತಿಯಾದರೆ ನೀರು ಕಾಲುವೆಯನ್ನೇ ಕೊರೆದುಹಾಕುತ್ತದೆ, ಕಡಿಮೆಯಾದರೆ ನಿಂತು ಕೊಳೆಯುತ್ತದೆ. ಆದಷ್ಟು ದೂರ ಬೆಟ್ಟದ ಮೈಯೊಳಗೇ ಅದನ್ನು ತಂದು, ಊರ ಹತ್ತಿರದ ತಗ್ಗಿನಲ್ಲಿ ಎತ್ತರ ಕಳೆದುಕೊಳ್ಳಬಾರದೆಂದು ಮಾತ್ರ ಈ ಕಮಾನುಗಳ ಮೇಲೆ ಹೊತ್ತಿದ್ದಾರೆ. ನಾವು ಫೋಟೋ ತೆಗೆಯುವ ಕಮಾನು ಒಟ್ಟು ಕೆಲಸದಲ್ಲಿ ಸಣ್ಣ ಪಾಲು. ಕ್ಲೌದಿಯಾದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೆಲದೊಳಗೇ ಇತ್ತು. ಕ್ರಿ.ಪೂ. 144ರಲ್ಲಿ ಆರಂಭವಾದ ಅಕ್ವಾ ಮಾರ್ಚಿಯಾ ಇದೇ ಬಯಲಲ್ಲಿ ಹಾದುಹೋಗುತ್ತದೆ. ಅದರ 91 ಕಿಲೋಮೀಟರಿನಲ್ಲಿ ಸುಮಾರು 80 ನೆಲದಡಿಯಲ್ಲಿ. ಟ್ರೇವಿ ಕಾರಂಜಿಗೆ ನೀರು ಕೊಡುವ ಕಾಲುವೆಯಂತೂ ಕ್ರಿ.ಪೂ. 19ರಲ್ಲಿ ಹುಟ್ಟಿದ್ದು. ಬಹುತೇಕ ನೆಲದೊಳಗೇ ತಲೆತಗ್ಗಿಸಿಕೊಂಡು ಬಂದದ್ದರಿಂದಲೇ ಏನೋ, ರಿಪೇರಿ ಮಾಡಿಸಿಕೊಳ್ಳುತ್ತ ಇಂದಿಗೂ ಉಳಿದಿದೆ.

ನನ್ನ ತವರು ಬಿಜಾಪುರ. (2014ರಿಂದ ವಿಜಯಪುರ. ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ.) ಅಲ್ಲಿ ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಮ್ ತಲಾಬ್ ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ನೆಲದಡಿಯಿಂದ ಊರಿಗೆ ನೀರು ತಂದ. ದಾರಿಯಲ್ಲಿ ಅಲ್ಲಲ್ಲಿ 'ಗಂಜ್' ಎಂಬ ಗೋಪುರಗಳು. ನೀರಿನ ಒತ್ತಡ ಇಳಿಯಲಿ, ರಾಡಿ ತಳಕ್ಕೆ ಕೂರಲಿ ಎಂದು. ಚಿಕ್ಕಂದಿನಲ್ಲಿ ಅವುಗಳ ನೆರಳಲ್ಲಿ ಕಣ್ಣುಮುಚ್ಚಾಲೆ ಆಡಿದವರಿಗೆ ಅವು ಏತಕ್ಕಿದ್ದವೆಂದು ಯಾರೂ ಹೇಳಿರಲಿಲ್ಲ. ರೋಮನ್ನರೂ ಊರಿಗೆ ಏಳು ಮೈಲಿ ಇರುವಾಗ, ಈ ಬಯಲಿನ ಆಚೆ ಬದಿಯಲ್ಲೇ, ರಾಡಿ ಕೂರಿಸುವ ತೊಟ್ಟಿಗಳನ್ನು ಮಾಡಿದ್ದರಂತೆ. ಗುಮ್ಮಟದ ಪಿಸುಮಾತು ಕೇಳಲಿಕ್ಕೆ ಬಿಜಾಪುರಕ್ಕೆ ಹೋಗುವವರು ಮುಂದಿನ ಸಲ ಒಂದು ಗಂಜ್ ಕೂಡ ನೋಡಿಬನ್ನಿ.

ಈ ಕಾಲುವೆಗಳ ಲೆಕ್ಕವೆಲ್ಲ ಇಷ್ಟು ಚೆನ್ನಾಗಿ ಗೊತ್ತಿರುವುದು ಒಬ್ಬ ಅಧಿಕಾರಿಯ ಕೃಪೆಯಿಂದ. ಕ್ರಿ.ಶ. 97ರಲ್ಲಿ ರೋಮಿನ ನೀರಿನ ಇಲಾಖೆಗೆ ಮುಖ್ಯಸ್ಥನಾಗಿ ಬಂದವನು ಫ್ರಾಂಟಿನಸ್; ಅದಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಗವರ್ನರನಾಗಿದ್ದವನು. ಕೈಕೆಳಗಿನವರು ಹೇಳಿದ್ದನ್ನೇ ನಂಬಿ ಸಹಿ ಹಾಕುವುದು ತನಗೆ ಸರಿಬೀಳದೆಂದು ಕಾಲುವೆಗಳ ಉದ್ದ, ಹರಿವು, ಕಾನೂನು ಎಲ್ಲವನ್ನೂ ತಾನೇ ಬರೆದಿಟ್ಟ. ಓದಿದರೆ ನಮ್ಮ ಊರಿನ ಪತ್ರಿಕೆಯ ಸುದ್ದಿ ಎನ್ನಬೇಕು. ಹೊಲದವರು ಕಾಲುವೆಗೆ ಕನ್ನ ಹಾಕುತ್ತಾರೆ. ನೀರಿನ ಇಲಾಖೆಯ ನೌಕರರೇ ರಸ್ತೆಯ ಕೆಳಗೆ ಕಳ್ಳ ಕೊಳವೆ ಎಳೆದು ಅಂಗಡಿಗಳಿಗೆ ಮಾರುತ್ತಾರೆ. ಹಕ್ಕು ಒಬ್ಬನಿಂದ ಮತ್ತೊಬ್ಬನಿಗೆ ಬದಲಾದಾಗ ತೊಟ್ಟಿಗೆ ಹೊಸ ತೂತು ಕೊರೆದು ಹಳೆಯ ತೂತನ್ನು ಮುಚ್ಚದೆ ತಮ್ಮ ವ್ಯಾಪಾರಕ್ಕೆ ಇಟ್ಟುಕೊಳ್ಳುತ್ತಾರೆ. ಕಾಲುವೆಯ ಎರಡೂ ಬದಿಗೆ ಹದಿನೈದು ಅಡಿ ಜಾಗ ಖಾಲಿ ಇರಬೇಕು, ಗೋರಿ, ಮನೆ, ಮರ ಏನೂ ಕೂಡದು ಎಂಬ ಕಾಯಿದೆಯೂ ಆಗಲೇ ಇತ್ತು.

ಇನ್ನೊಂದು ಸಂಗತಿ ಅಲ್ಲಿದೆ. ಮನೆಯೊಳಗೆ ಕೊಳವೆ ಬೇಕಿದ್ದರೆ ಸಾಮ್ರಾಟನ ಅಪ್ಪಣೆ ಆಗಬೇಕು. ಅದು ಆ ಮನುಷ್ಯನಿಗಷ್ಟೇ, ಮಕ್ಕಳಿಗೆ ಆಸ್ತಿಯಾಗಿ ಬರುವುದಿಲ್ಲ. ಉಳಿದ ಜನಕ್ಕೆ ಬೀದಿಯ ತೊಟ್ಟಿ. ಫ್ರಾಂಟಿನಸ್‌ನ ಕಾಲದಲ್ಲಿ ಇಡೀ ನಗರಕ್ಕೆ 591 ತೊಟ್ಟಿಗಳಿದ್ದವು. ನಾಲ್ಕೈದು ಮಾಳಿಗೆಯ ಬಾಡಿಗೆ ಕಟ್ಟಡಗಳಲ್ಲಿ ಇದ್ದವರು ಅಲ್ಲಿಂದ ತುಂಬಿ ಮೆಟ್ಟಿಲು ಹತ್ತಿಸಿಕೊಳ್ಳಬೇಕು. ಇದನ್ನು ಮಗಳು ಓದಿ ಹೇಳಿದಾಗ ಸಾಮ್ರಾಜ್ಯದ ಬಗ್ಗೆ ನನಗಿದ್ದ ಬೆರಗು ಸ್ವಲ್ಪ ಇಳಿದು, ಮೂರನೆಯ ಮಾಳಿಗೆಗೆ ನೀರು ಹೊತ್ತ ಆ ಹೆಂಗಸರ ಸೊಂಟದ ನೆನಪು ಹತ್ತಿತು.

ಕಟ್ಟಿದ ಮೇಲೆ ಕಾಯುವುದೂ ಸುಲಭವಾಗಿರಲಿಲ್ಲ. ನೀರಿನಲ್ಲಿರುವ ಸುಣ್ಣ ಕಾಲುವೆಯ ಒಳಮೈಗೆ ಪದರಪದರವಾಗಿ ಹತ್ತುತ್ತದೆ, ನಮ್ಮ ಗೀಸರಿನಲ್ಲಿ ಹತ್ತುವ ಹಾಗೆ. ಕೆರೆದು ತೆಗೆಯುತ್ತಲೇ ಇರಬೇಕು. ಫ್ರಾಂಟಿನಸ್‌ನ ಕೈಕೆಳಗೆ ಈ ಕೆಲಸಕ್ಕೆಂದೇ 700 ಗುಲಾಮರಿದ್ದರು. ಮರುದಿನ ನಾವು ಊರೊಳಗಿನ ಪೋರ್ತಾ ಮಜ್ಜೋರೆ ಎಂಬ ಹೆಬ್ಬಾಗಿಲಿಗೆ ಹೋದೆವು. ಈ ಎರಡು ಕಾಲುವೆಗಳು ಅದರ ತಲೆಯ ಮೇಲೆ ಹಾದುಹೋಗುತ್ತಿದ್ದವು. ಅಲ್ಲಿ ಮೂರು ಶಾಸನಗಳಿವೆ. ಮೊದಲನೆಯದು ತನ್ನ ಹಣದಿಂದ ನೀರು ತಂದೆನೆಂದು ಕ್ಲಾಡಿಯಸ್ ಬರೆಸಿದ್ದು. ಎರಡನೆಯದರಲ್ಲಿ ವೆಸ್ಪಾಸಿಯನ್, ಒಂಬತ್ತು ವರ್ಷ ನಿಂತುಹೋಗಿದ್ದ ನೀರನ್ನು ಕ್ರಿ.ಶ. 71ರಲ್ಲಿ ಮತ್ತೆ ತಂದೆನೆನ್ನುತ್ತಾನೆ. ಅದಾಗಿ ಹತ್ತೇ ವರ್ಷಕ್ಕೆ ಮೂರನೆಯದು, ಮಗ ಟೈಟಸ್‌ನದು, ಮತ್ತೆ ರಿಪೇರಿ. ಬಯಲಿನ ಕಮಾನುಗಳಲ್ಲಿ ಕಲ್ಲಿಗೆ ಒತ್ತಾಗಿ ಕಟ್ಟಿದ ಕೆಂಪು ಇಟ್ಟಿಗೆಯ ತೇಪೆಗಳೂ ಇಂಥ ರಿಪೇರಿಯವೇ. ಕೊನೆಗೆ 537ರಲ್ಲಿ ನಗರಕ್ಕೆ ಮುತ್ತಿಗೆ ಹಾಕಿದ ಗೋಥರು ಕಾಲುವೆಗಳನ್ನು ಕಡಿದರು.

ಅಲ್ಲಿಗೆ ಮುಗಿಯಲಿಲ್ಲ. ಈ ಬಯಲಿನಲ್ಲೇ ಇನ್ನೊಂದು ಗಿಡ್ಡ ಮೇಲ್ಗಾಲುವೆ ಇದೆ. ಅದು ಅಕ್ವಾ ಫೆಲೀಚೆ. ಐದನೆಯ ಸಿಕ್ಸ್ಟಸ್ ಎಂಬ ಪೋಪ್ 1580ರ ದಶಕದಲ್ಲಿ ಹಳೆಯ ಮಾರ್ಚಿಯಾದ ಕಲ್ಲು ಕಿತ್ತು, ಅದರ ದಾರಿಯಲ್ಲೇ ಕಟ್ಟಿಸಿದ್ದು. ಇದು ನೋಡಲಿಕ್ಕೆ ಕ್ಲೌದಿಯಾದಷ್ಟು ಗಂಭೀರವಾಗಿಲ್ಲ, ಯಾರೂ ಇದರ ಫೋಟೋ ತೆಗೆಯುವುದಿಲ್ಲ. ನಾವು ಅದರ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ಮಗಳು ಮಾಡಿದ ಚಪಾತಿ, ನಾನು ಒಯ್ದ ಶೇಂಗಾ ಚಟ್ನಿಪುಡಿ. ಫೆಲಿನಿಯ 'ಲಾ ದೋಲ್ಚೆ ವೀತಾ' ಎಂಬ 1960ರ ಸಿನಿಮಾದ ಮೊದಲ ದೃಶ್ಯದಲ್ಲಿ ಕ್ರಿಸ್ತನ ಮೂರ್ತಿಯನ್ನು ನೇತುಹಾಕಿಕೊಂಡ ಹೆಲಿಕಾಪ್ಟರ್ ಹಾರಿಹೋಗುವುದು ಈ ಕಮಾನುಗಳ ಮೇಲೆಯೇ ಎಂದು ಮಗಳು ಹೇಳುತ್ತಿದ್ದಳು. ನಾನು ಕ್ಲೌದಿಯಾದ ಒಂದು ಫೋಟೋ ತೆಗೆದು ವಾಟ್ಸಾಪಿನಲ್ಲಿ ನಾಲ್ಕೈದು ಜನಕ್ಕೆ ಕಳಿಸಿದೆ. ಅದರಲ್ಲಿ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ.

ಅವಳ ಬಗ್ಗೆ ಎರಡು ಮಾತು ಹೇಳಬೇಕು. ನಾನು ಮೂವತ್ತೊಂದು ವರ್ಷ ಮುಂಬಯಿಯ ಒಂದು ಕನ್ನಡ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. ಮಕ್ಕಳಲ್ಲಿ ಅರ್ಧದಷ್ಟು ಕಲಬುರ್ಗಿ, ಬಿಜಾಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಅವರ ಝೋಪಡಿಗಳು ತಾನ್ಸಾ ಪೈಪಿನ ಬದಿಗಿದ್ದವು. ಲೋಕಲ್ ಗಾಡಿಯಿಂದ ನೀವೂ ನೋಡಿರುತ್ತೀರಿ, ಘಾಟ್ಕೋಪರ್, ವಿದ್ಯಾವಿಹಾರದ ಆಸುಪಾಸಿನಲ್ಲಿ ಆನೆಯಂತೆ ಮಲಗಿದ ಆ ಪೈಪುಗಳನ್ನು. ಸುಮಾರು ನೂರು ಕಿಲೋಮೀಟರ್ ದೂರದ ತಾನ್ಸಾ ಕೆರೆಯಿಂದ 1892ರಿಂದ ಮುಂಬಯಿಗೆ ನೀರು ಬರುತ್ತಿದೆ, ಅದೂ ರೋಮನ್ನರ ಹಾಗೆಯೇ ಇಳಿಜಾರಿನ ಬಲದಿಂದ. ಪೈಪಿನ ಮೇಲೆ ಮಕ್ಕಳು ಆಡುತ್ತಿದ್ದರು, ಹೆಂಗಸರು ಹಪ್ಪಳ ಒಣಗಿಸುತ್ತಿದ್ದರು. ಆ ಮನೆಗಳಲ್ಲಿ ನಳ ಇರಲಿಲ್ಲ. ದೂರದ ನಳದಿಂದ ನೀರು ತಂದು, ತುಂಬಿಸಿಟ್ಟು, ಆಮೇಲೆ ಮಕ್ಕಳು ಶಾಲೆಗೆ ಬರುವುದು. ನನ್ನ ಹಾಜರಿ ಪುಸ್ತಕದಲ್ಲಿ ಮೊದಲ ಪಿರಿಯಡ್ ಯಾವಾಗಲೂ ಬೋಳು. ನಾನು ಹಾಜರಿ ಕರೆಯುವುದನ್ನೇ ಎರಡನೆಯ ಪಿರಿಯಡ್ಡಿಗೆ ಹಾಕಿಕೊಂಡಿದ್ದೆ.

ಮೂರನೆಯ ಇಯತ್ತೆಯಲ್ಲಿ 'ನಮ್ಮ ಮನೆ' ಎಂಬ ವಿಷಯಕ್ಕೆ ಐದು ಸಾಲು ಹೇಳಲಿಕ್ಕೆ ಕರೆದಾಗ ಈ ಹುಡುಗಿ ಎದ್ದು ನಿಂತು ಹೇಳಿದ್ದು ನನಗೆ ಇನ್ನೂ ಬಾಯಿಪಾಠ: "ಟೀಚರ್, ನಮ್ಮ ಮನ್ಯಾಗ ನಳ ಇಲ್ರಿ. ಆದ್ರ ರಾತ್ರಿ ಪೈಪಿಗೆ ಕಿವಿ ಹಚ್ಚಿದ್ರ ನೀರು ಹೋಗೂದು ಕೇಳಸ್ತೈತ್ರಿ."

ಮುಂದೆ ಪೈಪಿನ ಎರಡೂ ಬದಿಗೆ ಹತ್ತು ಹತ್ತು ಮೀಟರ್ ಖಾಲಿ ಮಾಡಬೇಕೆಂದು ಹೈಕೋರ್ಟಿನ ಆದೇಶವಾಯಿತು. ಫ್ರಾಂಟಿನಸ್‌ನ ಹದಿನೈದು ಅಡಿ ನಿಮಗೆ ನೆನಪಿರಬಹುದು. ಪೈಪಿನ ಸುರಕ್ಷತೆಗೆ ಅದು ಬೇಕು, ಇಲ್ಲವೆನ್ನುವುದಿಲ್ಲ. ನಾವು ಕುಡಿಯುವ ನೀರೇ ಅದು. ಝೋಪಡಿಗಳು ಹೋದವು. ಹಲವರಿಗೆ ಮಾಹುಲ್‌ನಲ್ಲಿ ಮನೆ ಕೊಟ್ಟರು, ಕೆಲವರು ಊರಿಗೆ ಹಿಂದಿರುಗಿದರು. ಇವಳು ಈಗ ಬದಲಾಪುರದಲ್ಲಿ ಗಂಡ, ಇಬ್ಬರು ಮಕ್ಕಳೊಂದಿಗೆ ಇದ್ದಾಳೆ, ಒಂದು ಆಸ್ಪತ್ರೆಯಲ್ಲಿ ಕೆಲಸ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ.

ಉಳಿದವರೆಲ್ಲ 'ವಾವ್', 'ಸೂಪರ್' ಎಂದು, ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದರು. ಅವಳದು ಮಾತ್ರ ಧ್ವನಿ ಸಂದೇಶ ಬಂತು: "ಟೀಚರ್, ಭಾಳ ಚಂದ ಐತ್ರಿ. ಇದರ ಬುಡಕ ಯಾರ್ ಇರ್ತಿದ್ರು?"

ನಾನು ಮಗಳಿಗೆ ಕೇಳಿಸಿದೆ. "ಇಲ್ಲಿ ಯಾರಿರ್ತಾರಮ್ಮ, ಪಾರ್ಕು ಇದು" ಎಂದವಳು, ಆದರೂ ಫೋನಿನಲ್ಲಿ ಹುಡುಕತೊಡಗಿದಳು. ಇಟಾಲಿಯನ್ ಓದುತ್ತ ಓದುತ್ತ ಸುಮ್ಮನಾದಳು. ಆಮೇಲೆ ನಾವು ಒರಗಿ ಕೂತಿದ್ದ ಕಮಾನಿನ ಕಡೆ ತಿರುಗಿ ನೋಡಿದಳು.

ಯುದ್ಧದ ಕಾಲದಿಂದ 1970ರ ದಶಕದವರೆಗೆ ಇದೇ ಅಕ್ವಾ ಫೆಲೀಚೆಯ ಉದ್ದಕ್ಕೂ, ಕಮಾನುಗಳ ಬಾಯಿಗೆ ತಗಡು, ಹಲಗೆ, ಇಟ್ಟಿಗೆ ಹಚ್ಚಿ ಕಟ್ಟಿದ ಝೋಪಡಿಗಳಿದ್ದವು. 1943ರ ಜುಲೈ 19ರಂದು ಸಾನ್ ಲೊರೆಂಜೊ ಬಡಾವಣೆಯ ಮೇಲೆ ಬಾಂಬು ಬಿದ್ದು ಮನೆ ಕಳೆದುಕೊಂಡವರು, ಆಮೇಲೆ ಇಟಲಿಯ ದಕ್ಷಿಣದಿಂದ ಕಟ್ಟಡ ಕೆಲಸಕ್ಕೆ ಬಂದವರು. ತಲೆಯ ಮೇಲೆ ಪೋಪನ ಕಾಲುವೆ. ಅದರಲ್ಲಿ ನೀರು ಹರಿಯುತ್ತಲೇ ಇತ್ತು, ಊರಿನ ಕಾರಂಜಿಗಳಿಗೆ, ತೋಟಗಳಿಗೆ. ಕೆಳಗಿನ ಒಂದು ಮನೆಯಲ್ಲೂ ನಳ ಇರಲಿಲ್ಲ.

ನೆನಪಿಟ್ಟುಕೊಳ್ಳಿ ಎಂದೆನಲ್ಲ, ಆ ಸಾನ್ ಪೊಲಿಕಾರ್ಪೊ ಇಗರ್ಜಿಗೆ 1968ರಲ್ಲಿ ರೊಬೆರ್ತೊ ಸರ್ದೆಲ್ಲಿ ಎಂಬ ತರುಣ ಪಾದ್ರಿ ಬಂದರು. ಕೆಲದಿನಗಳಲ್ಲೇ ಅವರು ಇಗರ್ಜಿಯ ವಸತಿ ಬಿಟ್ಟು ಒಂದು ಝೋಪಡಿಗೆ ಹೋಗಿ ಇದ್ದರು. ಅದರ ನಂಬರು 725. ಅಲ್ಲಿಯ ಮಕ್ಕಳನ್ನು ಸರಕಾರಿ ಶಾಲೆಯಲ್ಲಿ ಮಂದಬುದ್ಧಿಯವರೆಂದು ಬೇರೆ ತರಗತಿಗಳಿಗೆ ಹಾಕುತ್ತಿದ್ದರು. ಅವರಿಗಾಗಿ ಸರ್ದೆಲ್ಲಿ ಆ ಒಂದೇ ಕೋಣೆಯಲ್ಲಿ, ಸುಮಾರು ಒಂಬತ್ತು ಚದರ ಮೀಟರಿನ ಜಾಗದಲ್ಲಿ, ಮಧ್ಯಾಹ್ನದ ಮೇಲೆ ಶಾಲೆ ನಡೆಸಿದರು. 'ಸ್ಕೂಲಾ 725' ಎಂದೇ ಅದರ ಹೆಸರು. 1969ರಲ್ಲಿ ಆ ಮಕ್ಕಳು ಸೇರಿ ನಗರದ ಮೇಯರಿಗೆ ಒಂದು ಪತ್ರ ಬರೆದರು: ನಾವು ಎಂಥಲ್ಲಿ ಇದ್ದೇವೆ, ಮಳೆ ಬಂದರೆ ಏನಾಗುತ್ತದೆ, ನೀರು ಮನೆಗೆ ಏಕಿಲ್ಲ. ಅದು ಪುಸ್ತಕವಾಯಿತು, ದೇಶವೆಲ್ಲ ಓದಿತು. 1973ರಲ್ಲಿ ಝೋಪಡಿಗಳನ್ನು ಕೆಡವಿ ಜನರನ್ನು ಸಮುದ್ರದ ಕಡೆಯ ಓಸ್ತಿಯಾಕ್ಕೆ ಸಾಗಿಸಿದರು. ಸರ್ದೆಲ್ಲಿ ತೀರಿಕೊಂಡದ್ದು 2019ರಲ್ಲಿ.

ಒಂಬತ್ತು ಚದರ ಮೀಟರ್ ಎಷ್ಟೆಂದು ನಾನು ಹುಲ್ಲಿನ ಮೇಲೆ ಹೆಜ್ಜೆ ಹಾಕಿ ಅಳೆದೆ. ಪಾಠ ಹೇಳುವವರಿಗೆ ಇಂಥ ಚಟ ಇರುತ್ತದೆ. ಒತ್ತಿ ಕೂರಿಸಿದರೆ ಹದಿನೈದಿಪ್ಪತ್ತು ಮಕ್ಕಳು. ಕರಿಹಲಗೆಗೆ ಗೋಡೆ ಸಿಗುತ್ತದೆ, ಓಡಾಡಲಿಕ್ಕೆ ಟೀಚರಿಗೆ ಜಾಗ ಸಿಗುವುದಿಲ್ಲ.

ಹಿಂದಿರುಗುವಾಗ ನಾವು ಊರ ಕಡೆಗೆ ಪೋರ್ತಾ ಫುರ್ಬಾ ಎಂಬ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲಿಂದ ಮಂದ್ರಿಯೋನೆ ಎಂಬ ರಸ್ತೆ ಫೆಲೀಚೆಯನ್ನು ಒತ್ತಿಕೊಂಡೇ ಹೋಗುತ್ತದೆ. ಈಗ ಅಲ್ಲಿ ಗ್ಯಾರೇಜುಗಳು, ಹೊಸದಾಗಿ ಬಣ್ಣ ಬಳಿದ ಸಣ್ಣ ಕಚೇರಿಗಳು. ರಸ್ತೆ ಕಿರಿದು, ಕಾರುಗಳು ಮೈಗೆ ತಾಗುವಂತೆ ಹೋಗುತ್ತವೆ, ಹೋಗುವುದಾದರೆ ಜೋಕೆ. ಮುಚ್ಚಿದ ಕಮಾನುಗಳ ಒಳಮೈಯನ್ನು ಸರಿಯಾಗಿ ನೋಡಿದರೆ ಮಾತ್ರ ಕಾಣುತ್ತದೆ: ಹಳೆಯ ಕಲ್ಲಿನ ಮೇಲೆ ಸುಣ್ಣ ಬಳಿದ ಗುರುತು, ಎದೆಯೆತ್ತರದಲ್ಲಿ ಒಂದು ಸಾಲು ಟೈಲ್ಸ್. ಯಾರದೋ ಅಡಿಗೆಮನೆ. ಟೈಲ್ಸ್ ಹಚ್ಚಿದವರು ಎರಡು ದಿನಕ್ಕೆಂದು ಬಂದವರಾಗಿರಲಿಲ್ಲ.

ಆ ಟೈಲ್ಸಿನ ಫೋಟೋ ಅವಳಿಗೆ ಕಳಿಸಿ, ಯಾರಿದ್ದರು, ಅವರನ್ನು ಎಲ್ಲಿಗೆ ಕಳಿಸಿದರು ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಆ ಹೊತ್ತಿಗೆ ಬದಲಾಪುರದಲ್ಲಿ ರಾತ್ರಿ. ಕುಕ್ಕರಿನ ಸೀಟಿಯ ನಡುವೆ ಉತ್ತರ ಬಂತು.

"ಅಲ್ಲಿ ಅವರ ಮನಿಗೆ ನಳ ಬಂತೇನ್ರಿ ಟೀಚರ್?"

"ಬಂತು" ಎಂದೆ.

"ಮತ್ತ ಕೆಲಸ ದೂರ ಆತಲ್ರಿ ಅವರಿಗೆ" ಎಂದಳು.